ನಾತಕ್ಕೆ ಬರುವ ಮೀನು

ಕ್ಯಾಟ್‌ಫಿಶ್ ಹಿಡಿಯಲು ಜಾಣತನ ಬೇಕಾಗಿಲ್ಲ, ಮೂಗು ಸತ್ತಿದ್ದರೆ ಸಾಕು. ಈ ಮೀನಿಗೆ ರುಚಿ ಗೊತ್ತಾಗುವುದು ಬಾಯಲ್ಲಿ ಮಾತ್ರ ಅಲ್ಲ. ಮೀಸೆಯಿಂದ ಬಾಲದವರೆಗೆ ಮೈಯೆಲ್ಲ ರುಚಿಮೊಗ್ಗು. ಕತ್ತಲಾದರೇನು, ನೀರು ಕದಡಿದ್ದರೇನು, ಹುಡುಕಿಕೊಂಡು ಬರುತ್ತದೆ. ಅದಕ್ಕೇ ಅಮೆರಿಕದ ಲೇಕ್ ಮೀಡ್ ಜಲಾಶಯದ ದಡದಲ್ಲಿ ಕೂರುವವರು ಕೋಳಿ ಲಿವರ್, ಆಂಚೊವಿ ಅನ್ನುವ ಸಣ್ಣ ಮೀನು, ಇಲ್ಲವೇ ಡಬ್ಬಿಯಲ್ಲಿ ಸಿಗುವ ಸ್ಟಿಂಕ್ ಬೈಟ್ ಅನ್ನುವ ನಾತದ ಗಾಳದ ತಿನಿಸು ಹಾಕುತ್ತಾರೆ. ಆ ಡಬ್ಬಿಯ ಮುಚ್ಚಳ ತೆಗೆದರೆ ಪಕ್ಕದವರು ಕುರ್ಚಿ ಎತ್ತಿಕೊಂಡು ಹೊರಡುತ್ತಾರೆ.

ಲಾಸ್ ವೇಗಸ್‌ಗೆ ಬಂದವರು ಕ್ಯಾಸಿನೊಗೆ ಹೋಗುವುದು ಲೋಕರೂಢಿ. ನನ್ನ ಜೊತೆ ಬಂದವನು ಮಂಡ್ಯ ಕಡೆಯವನು. ಕೆಆರ್‌ಎಸ್‌ನಲ್ಲಿ ಇವತ್ತು ಎಷ್ಟು ಅಡಿ ಅಂತ ನೋಡದೆ ಕಾಫಿ ಕುಡಿಯದ ಪ್ರಾಣಿ. ಅವನಿಗೆ ಡ್ಯಾಂ ನೋಡಬೇಕಿತ್ತು, ನನಗೆ ಗಾಳ ಹಾಕಬೇಕಿತ್ತು. ಮೀನು ಹಿಡಿಯುವ ಲೈಸೆನ್ಸ್ ತೆಗೆದುಕೊಂಡು ಬಾಡಿಗೆ ಕಾರಿನಲ್ಲಿ ಹೊರಟೆವು.

ಕೊಲರಾಡೊ ನದಿಗೆ ಹೂವರ್ ಡ್ಯಾಂ ಕಟ್ಟಿದ್ದು 1930ರ ದಶಕದಲ್ಲಿ. ಅದರ ಹಿಂದೆ ನಿಂತ ನೀರೇ ಲೇಕ್ ಮೀಡ್. ತುಂಬಿದರೆ ಇಪ್ಪತ್ತಕ್ಕೂ ಹೆಚ್ಚು ಕೆಆರ್‌ಎಸ್ ನೀರು ಹಿಡಿಸುತ್ತದೆ ಅಂದೆ. ಅವನ ಮುಖ ಸಣ್ಣಗಾಯಿತು. 2022ರ ಜುಲೈನಲ್ಲಿ ನೀರು ಸಮುದ್ರಮಟ್ಟದಿಂದ 1,040 ಅಡಿ ಹತ್ತಿರಕ್ಕೆ ಇಳಿದಿತ್ತು, ಜಲಾಶಯ ತುಂಬಿಸಿದ ಮೇಲೆ ಅಷ್ಟು ಕೆಳಗೆ ಯಾವತ್ತೂ ಹೋಗಿರಲಿಲ್ಲ ಅಂದೆ. ಆಗ ಸ್ವಲ್ಪ ಕಳೆ ಬಂತು. ಬಂಡೆಗಳ ಮೇಲೆ ಹತ್ತು ಮಹಡಿಗೂ ಎತ್ತರದ ಬಿಳಿ ಪಟ್ಟಿ ಕಾಣುತ್ತಿತ್ತು. ಒಂದು ಕಾಲದಲ್ಲಿ ನೀರು ನಿಲ್ಲುತ್ತಿದ್ದ ಗುರುತು.

"ಇದ್ರಲ್ಲಿ ಪಕ್ಕದ ರಾಜ್ಯಕ್ಕೆ ಎಷ್ಟು ಬಿಡ್ಬೇಕು?" ಅಂದ. ಮಂಡ್ಯದವನಿಗೆ ಇನ್ನೇನು ಪ್ರಶ್ನೆ ಬರಬೇಕು ಹೇಳಿ. ಇಲ್ಲೂ ಅದೇ ಜಗಳ. 1922ರಲ್ಲಿ ಏಳು ರಾಜ್ಯಗಳ ನಡುವೆ ನೀರು ಹಂಚುವ ಒಪ್ಪಂದವಾಯಿತು. ಹಂಚಿದಷ್ಟು ನೀರು ನದಿಯಲ್ಲಿ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಅವನಿಗೆ ಊರಿಗೇ ಬಂದಷ್ಟು ಖುಷಿ.

ನೀರು ಹಿಂದೆ ಸರಿದಿದ್ದರಿಂದ ಕಾರು ನಿಲ್ಲಿಸಿದ ಜಾಗದಿಂದ ದಡಕ್ಕೆ ಕಲ್ಲಿನ ಮೇಲೆ ತುಂಬಾ ದೂರ ನಡೆಯಬೇಕು. ಸಂಜೆಯಾದರೂ ಬಿಸಿಲು ನಲವತ್ತು ಡಿಗ್ರಿ ಬಿಟ್ಟು ಇಳಿದಿರಲಿಲ್ಲ. ದಡ ಸೇರುವಷ್ಟರಲ್ಲಿ ಕೋಳಿ ಲಿವರ್ ಗಂಜಿಯಾಗಿತ್ತು. ಕೊಕ್ಕೆಗೆ ಚುಚ್ಚಿದರೆ ಜಾರುತ್ತದೆ. ಹೇಗೋ ನಿಲ್ಲಿಸಿ ಬೀಸಿದರೆ ಗಾಳ ನೀರಿಗೆ, ಲಿವರ್ ಗೆಳೆಯನ ಷರಟಿಗೆ.

ಆಚೆ ಕೂತಿದ್ದ ಅಜ್ಜ ಒಬ್ಬರು ಇದನ್ನೆಲ್ಲ ನೋಡಿ ಉಪಾಯ ಹೇಳಿದರು. ಹೆಂಗಸರ ನೈಲಾನ್ ಸ್ಟಾಕಿಂಗ್ ತುಂಡಿನಲ್ಲಿ ಲಿವರ್ ಗಂಟು ಕಟ್ಟಿ ಕೊಕ್ಕೆಗೆ ಸಿಕ್ಕಿಸಬೇಕಂತೆ. ರಸ ನೀರಿಗೆ ಇಳಿಯುತ್ತದೆ, ಲಿವರ್ ಬೀಳುವುದಿಲ್ಲ. ಇಬ್ಬರು ಗಂಡಸರ ಹತ್ತಿರ ಸ್ಟಾಕಿಂಗ್ ಎಲ್ಲಿಂದ ಬರಬೇಕು? ಗೆಳೆಯ ಒಂದು ಕ್ಷಣ ಯೋಚಿಸಿದ. ಶೂ ಬಿಚ್ಚಿದ. ಬೆಳಗ್ಗೆಯಿಂದ ಹಾಕಿದ್ದ ತೆಳು ಕಾಲುಚೀಲವನ್ನು ತುದಿಯಿಂದ ಕತ್ತರಿಸಿ ಲಿವರ್ ತುಂಬಿ ದಾರ ಬಿಗಿದ. ಅಜ್ಜ ಕುರ್ಚಿ ಸ್ವಲ್ಪ ಆಚೆ ಎಳೆದುಕೊಂಡರು.

ನಂಬಿದರೆ ನಂಬಿ, ಮೀನು ಬಂತು. ಕತ್ತಲಾದ ಮೇಲೆ ಕ್ಯಾಟ್‌ಫಿಶ್ ಆಳದಿಂದ ದಡದ ಕಡೆ ಮೇಯಲು ಬರುತ್ತದೆ ಅನ್ನುವುದು ನಿಜ. ಆದರೆ ಗೆಳೆಯನ ಪ್ರಕಾರ ಪೂರ್ತಿ ಕ್ರೆಡಿಟ್ ಕಾಲುಚೀಲಕ್ಕೆ. ಮೊಳದುದ್ದದ ಚಾನೆಲ್ ಕ್ಯಾಟ್‌ಫಿಶ್. ಮೈಯಲ್ಲಿ ಒಂದು ಹುರುಪೆ ಇಲ್ಲ, ಬರೀ ಲೋಳೆ. ಬಾಯಿಯ ಸುತ್ತ ಎಂಟು ಮೀಸೆ. ಮೀಸೆಗೆ ಹೆದರಿ ಗೆಳೆಯ ಬೆನ್ನಿಗೆ ಕೈ ಹಾಕಿದ.

ಮೀಸೆ ಏನೂ ಮಾಡುವುದಿಲ್ಲ. ಮುಳ್ಳಿರುವುದು ಬೆನ್ನಿನಲ್ಲಿ ಮತ್ತು ಎರಡು ಪಕ್ಕದ ಈಜುರೆಕ್ಕೆಗಳಲ್ಲಿ. ಗಾಬರಿಯಾದರೆ ಮೀನು ಅವನ್ನು ನೆಟ್ಟಗೆ ಎತ್ತಿ ಚಿಲಕ ಹಾಕಿಬಿಡುತ್ತದೆ, ಒತ್ತಿದರೂ ಮಡಚುವುದಿಲ್ಲ. "ಅಯ್ಯಯ್ಯಪ್ಪಾ!" ಅನ್ನುವ ಶಬ್ದ ನೆವಾಡಾದಿಂದ ಆಚೆ ದಡದ ಅರಿಜೋನಾಕ್ಕೆ ಕೇಳಿರಬೇಕು. ಮೀನು ಬಂಡೆಯ ಮೇಲೆ ಒಂದು ಸಲ ಪಟಪಟ ಅಂದು ನೀರಿಗೆ ಹೋಯಿತು. ಕಾಲುಚೀಲದ ತುಂಡನ್ನೂ ಒಯ್ದಿತು.

ಮಿಕ್ಕ ಲಿವರ್ ಡಿಕ್ಕಿಯಲ್ಲಿ ಚೆಲ್ಲಿದ್ದು ಮರುದಿನ ಮಧ್ಯಾಹ್ನ ಗೊತ್ತಾಯಿತು. ನಮಗಲ್ಲ, ಬಾಡಿಗೆ ಕಾರು ವಾಪಸ್ ತೆಗೆದುಕೊಳ್ಳಲು ಬಂದ ಹುಡುಗನಿಗೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಒಳಗೆ ಏನಿತ್ತು ಅಂತ ಕೇಳಿದ. ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದ ಗೆಳೆಯ ರೆಪ್ಪೆ ಬಡಿಯದೆ "ಇಂಡಿಯನ್ ಸ್ಪೈಸಸ್" ಅಂದ.

ಹುಡುಗ ಅರ್ಥವಾಯಿತು ಅನ್ನುವ ಹಾಗೆ ತಲೆಯಾಡಿಸಿ, ಬಿಲ್ಲಿಗೆ ಕ್ಲೀನಿಂಗ್ ಚಾರ್ಜ್ ಸೇರಿಸಿದ.