ನಗುವಿನ ಫೋಟೊ ಸಂಜೆ ಐದರೊಳಗೆ

ಕೊಡಗಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಖುಷಿಯಾಗಿದ್ದಾರೆ. ಇದು ನನ್ನ ಅಭಿಪ್ರಾಯ ಅಲ್ಲ, ವರದಿಯಲ್ಲೇ ಇದೆ. ಫೋಟೊ ಸಮೇತ.

ಮಕ್ಕಳು ನಲಿಯುತ್ತಾ ಕಲಿಯಲಿ ಎನ್ನುವ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ನಮ್ಮ ನಾಗರಹೊಳೆ ಕಾಡಿನ ಆಚೆ ಬದಿಯ ಎಚ್.ಡಿ. ಕೋಟೆಯಲ್ಲಿ. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು, ತಾವೇ ಕೂತು ಕಾರ್ಡ್‌ಗಳನ್ನು ತಯಾರಿಸಿದರು. ಯುನಿಸೆಫ್ ಬೆನ್ನಿಗೆ ನಿಂತಿತು. ಬೆಂಚಿನ ಬದಲು ನೆಲ, ಪಠ್ಯಪುಸ್ತಕದ ಬದಲು ಕಾರ್ಡು, ಗೋಡೆ ಮೇಲೊಂದು ಕಲಿಕಾ ಏಣಿ. ಮಗು ತನ್ನ ಮೆಟ್ಟಿಲನ್ನು ತನ್ನ ಪಾಡಿಗೆ ಹತ್ತುತ್ತದೆ. ನಾಲ್ಕು ದಿನ ಬರದಿದ್ದರೆ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮತ್ತೆ ಶುರು.

ನಿಜ ಹೇಳಬೇಕೆಂದರೆ ಇದು ನಮ್ಮ ಲೈನ್ ಮನೆ, ಅಂದರೆ ತೋಟದ ಕೂಲಿಕಾರರ ಸಾಲುಮನೆ, ಮಕ್ಕಳಿಗೆ ಹೇಳಿ ಮಾಡಿಸಿದ್ದು. ಕಾಫಿ ಕುಯ್ಲಿಗೆ ಅಪ್ಪ-ಅಮ್ಮ ಬೇರೆ ತೋಟಕ್ಕೆ ಹೋದರೆ ಮಗುವೂ ಹಿಂದೆಯೇ ಹೋಗುತ್ತದೆ. ಜುಲೈನಲ್ಲಿ ಮಳೆ ರಜೆ. ದಾರಿಯಲ್ಲಿ ಆನೆ ನಿಂತರೆ ಅದೂ ರಜೆ. ಮನೆಯಲ್ಲಿ ಯರವ ಭಾಷೆ, ಪಕ್ಕದ ಮನೆಯಲ್ಲಿ ಮಲಯಾಳಂ, ಅದರಾಚೆ ಅಸ್ಸಾಮಿ. ಇಂಥ ಮಗುವಿಗೆ 'ನಿಧಾನವಾಗಿ ಬಾ ಮರಿ' ಅನ್ನುವ ಪದ್ಧತಿ ಬಂತಲ್ಲ ಎಂದು ನಾನೂ ಖುಷಿಪಟ್ಟವನೇ.

2009-10ರಲ್ಲಿ ಅದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನಲಿಯುವುದೂ ಸರ್ಕಾರಿ ಕೆಲಸವಾಯಿತು.

ಈಗ ಸಭೆಯಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ಹೇಳುವುದು ಕೇಳಿ: "ಪ್ರತಿಯೊಂದು ಮಗುವೂ ಅದರದೇ ವೇಗದಲ್ಲಿ ಕಲಿಯಬೇಕು. ಮೂವತ್ತನೇ ತಾರೀಖಿನೊಳಗೆ ಎಲ್ಲರೂ ನಾಲ್ಕನೇ ಮೈಲಿಗಲ್ಲು ಮುಟ್ಟಿರಬೇಕು." ಎರಡೂ ಒಂದೇ ಉಸಿರಿನಲ್ಲಿ. ಯಾರೂ ನಗುವುದಿಲ್ಲ. ಸ್ಪ್ರಿಂಕ್ಲರ್ ಬಿಟ್ಟು ವಾರ ಕಳೆದರೆ ರೋಬಸ್ಟಾ ಕಾಫಿ ತೋಟವೆಲ್ಲ ಒಟ್ಟಿಗೇ ಬೆಳ್ಳಗೆ ಹೂ ಬಿಡುತ್ತದಲ್ಲ, ಅವರ ಲೆಕ್ಕ ಅದೇ.

ಕ್ಲಾಸಿನಲ್ಲಿ ಹವಾಮಾನ ನಕ್ಷೆ ಅಂತ ಒಂದಿರುತ್ತದೆ. ದಿನಾ ಒಂದು ಮಗು ಎದ್ದು ಹೊರಗೆ ನೋಡಿ ಬಿಸಿಲೋ ಮೋಡವೋ ಮಳೆಯೋ ಎಂದು ಗುರುತು ಹಾಕಬೇಕು. ಒಳ್ಳೆಯ ಆಟ. ಭಾಗಮಂಡಲದ ಕಡೆ ಜುಲೈ ತಿಂಗಳ ನಕ್ಷೆ ಹೇಗಿರುತ್ತದೆ? ಮಳೆ, ಮಳೆ, ಮಳೆ, ರಜೆ, ಮಳೆ. ಬಯಲುಸೀಮೆಯಿಂದ ಬಂದ ಸಾಹೇಬರೊಬ್ಬರು ಅದನ್ನು ನೋಡಿ, "ಏನ್ ಮೇಡಂ, ಸುಮ್ನೆ ಕಾಪಿ ಹೊಡೆದಿದ್ದೀರಲ್ಲ? ಸ್ವಲ್ಪ ವೈವಿಧ್ಯ ಇರಲಿ" ಅಂದರಂತೆ. ಮೇಡಂ ಕಿಟಕಿ ಕಡೆ ಕೈ ತೋರಿಸಿದರಂತೆ. ಮಾತು ಅಲ್ಲಿಗೆ ಮುಗಿಯಿತು, ಟಿಪ್ಪಣಿ ಮಾತ್ರ ಪುಸ್ತಕದಲ್ಲಿ ಉಳಿಯಿತು.

ಫೋಟೊ ಕಥೆ ಇನ್ನೂ ಚೆನ್ನಾಗಿದೆ. ಮಕ್ಕಳು ನಲಿಯುತ್ತಿರುವ ಫೋಟೊ ಸಂಜೆ ಐದರೊಳಗೆ ಗ್ರೂಪಿಗೆ ಹಾಕಬೇಕು. ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲ. ಟೀಚರ್ ಕೊಡೆ ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತಾ ಗುಡ್ಡ ಹತ್ತಿ ಒಂದು ಕಡ್ಡಿ ಸಿಗ್ನಲ್ ಹಿಡಿದರು. ಫೋಟೊ ಹೋಯಿತು. ಹತ್ತೇ ನಿಮಿಷಕ್ಕೆ ಉತ್ತರ: "ಬಲಗಡೆಯ ಎರಡನೇ ಮಗು ನಗುತ್ತಿಲ್ಲ. ಸರಿಪಡಿಸಿ ಮತ್ತೆ ಕಳುಹಿಸಿ."

ಆ ಹುಡುಗಿ ಕಾಫಿ ಬೀಜ ಎಣಿಸುತ್ತಿದ್ದಳು. ಹತ್ತು ಹತ್ತರ ಗುಡ್ಡೆ ಮಾಡಿ, ಉಳಿದ ಮೂರನ್ನು ಬೇರೆ ಇಟ್ಟು, ಮತ್ತೆ ಮೊದಲಿಂದ. ನಾಲಿಗೆ ತುದಿ ಹೊರಗೆ ಬಂದಿತ್ತು. ನಗಲು ಅವಳಿಗೆ ಪುರುಸೊತ್ತೆಲ್ಲಿ? ಆದರೆ ನಮೂನೆಯಲ್ಲಿ 'ಮಗ್ನಳಾಗಿದ್ದಾಳೆ' ಅನ್ನುವ ಕಾಲಂ ಇಲ್ಲ. ಮರುದಿನ ಬೀಜ ಎತ್ತಿಟ್ಟು, ಸಾಲಾಗಿ ನಿಲ್ಲಿಸಿ, "ಎಲ್ಲರೂ ಈ ಅನ್ನಿ" ಎಂದಾಯಿತು. ಎಲ್ಲರೂ ಅಂದರು. ಶಾಲೆ 'ಎ' ಶ್ರೇಣಿಗೆ ಬಂತು.

ಇನ್ನು ಅಪ್ಪ-ಅಮ್ಮಂದಿರ ದೂರು ಹಳೆಯದೇ: "ಮಕ್ಕಳು ಬರೀ ಆಡ್ತಾವಲ್ಲ, ಟೀಚರೇ?" ಪಕ್ಕದ ಕಾನ್ವೆಂಟಿನಲ್ಲಿ ಯುಕೆಜಿಗೇ ಮಣ ಹೋಮ್‌ವರ್ಕ್. ಸಾಹೇಬರ ಮಗು ಓದುವುದೂ ಅಲ್ಲೇ. ಅವರ ಮನೆಗೆ ನಲಿವಿನ ಅವಸರ ಇಲ್ಲ, ಬಿಡಿ.

ಇಷ್ಟೆಲ್ಲ ಆದ ಮೇಲೂ ನಲಿವು ಸಾಲದು ಎಂದು ಗೊತ್ತಾಗಿ ಶಿಕ್ಷಕರಿಗೆ 'ಸಂತಸದಾಯಕ ಕಲಿಕೆ' ತರಬೇತಿ ಇಟ್ಟರು. ಮೂರು ದಿನ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆ. ಪ್ಲಾಸ್ಟಿಕ್ ಕುರ್ಚಿ, ಪರದೆ ಮೇಲೆ ಸ್ಲೈಡು. ಮಕ್ಕಳಿಗೆ ಭಾಷಣ ಮಾಡಬಾರದು ಎಂಬ ವಿಷಯದ ಮೇಲೆಯೇ ಎರಡು ಗಂಟೆ ಭಾಷಣ. ನಿದ್ದೆ ಹೋದವರು ತಮ್ಮ ವೇಗದಲ್ಲಿ ಹೋದರು.

ಆ ಫೋಟೊದ ಶಾಲೆಗೆ ಇದ್ದದ್ದೇ ಒಬ್ಬರು ಟೀಚರ್. ಮೂರು ದಿನವೂ ಮಕ್ಕಳನ್ನು ನೋಡಿಕೊಂಡವರು ಬಿಸಿಯೂಟದ ಅಕ್ಕ. ಕೆಲವರು ಬೆಳ್ಳುಳ್ಳಿ ಬಿಡಿಸಿದರು, ಕೆಲವರು ಮೊಟ್ಟೆ ಎಣಿಸಿದರು. ಒಬ್ಬ ಅಕ್ಕಿ ಮೂಟೆ ಮೇಲಿನ ಅಕ್ಷರ ಕೂಡಿಸಿ ಓದಿದ. ಅಕ್ಕ ಯರವ ಭಾಷೆಯಲ್ಲಿ ಒಗಟು ಹಾಕಿದ್ದಕ್ಕೆ ಎರಡು ವಾರದಿಂದ ತುಟಿ ಬಿಚ್ಚದ ಹುಡುಗ ಥಟ್ಟನೆ ಉತ್ತರ ಹೇಳಿಬಿಟ್ಟ. ಅಕ್ಕನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು, ಫೋಟೊ ಬರುವುದಿಲ್ಲ. ಹಾಗಾಗಿ ವರದಿಯಲ್ಲಿ ಆ ಮೂರು ದಿನದ ನಲಿವು ಸೊನ್ನೆ, ಕಲಿವೂ ಸೊನ್ನೆ. ವಿವರಣೆ ಕೇಳಿ ಟೀಚರ್‌ಗೆ ನೋಟಿಸ್ ಬಂದಿದೆ.