ನಾಲ್ವರಿಗೆ ಮೂರು ಕುರ್ಚಿ

ಮಗಳ ಬಾಣಂತನಕ್ಕೆಂದು ಅಮೆರಿಕದ ಡಲ್ಲಾಸ್ ಹತ್ತಿರದ ಊರಿಗೆ ಬಂದವಳ ಪೆಟ್ಟಿಗೆಯಲ್ಲಿ ಏನೇನಿತ್ತೆಂದು ಹೇಳಬೇಕಾಗಿಲ್ಲ. ಮೆಂತ್ಯದ ಹಿಟ್ಟು, ಒಣಶುಂಠಿ, ಓಮ, ಅಂಟು, ಹಳೆಯ ಹತ್ತಿ ಸೀರೆಯ ತುಂಡುಗಳು. ರಾತ್ರಿ ನಿದ್ದೆಗೆಡುವ ಅಭ್ಯಾಸ ಒಂದನ್ನು ಮಾತ್ರ ತಂದಿರಲಿಲ್ಲ; ಅದನ್ನು ಮೊಮ್ಮಗಳು ಇಲ್ಲಿಯೇ ಕಲಿಸಿದಳು. ಅವಳು ಎರಡು ಗಂಟೆಗೆ ಸರಿಯಾಗಿ ಏಳುತ್ತಾಳೆ. ಹಾಲು ಕುಡಿಸಿ ಮಗಳು ಮಲಗಿಬಿಡುತ್ತಾಳೆ. ತೇಗು ಬರಿಸಿ, ಹೆಗಲ ಮೇಲೆ ಹಾಕಿಕೊಂಡು ನಾಲ್ಕರವರೆಗೆ ಕೂರುವ ಪಾಳಿ ನನ್ನದು. ಸ್ತೋತ್ರ ಹೇಳಿಕೊಳ್ಳುತ್ತೇನೆಂದು ಮೊದಲು ನಿಶ್ಚಯಿಸಿದ್ದೆ. ಮೂರನೆಯ ರಾತ್ರಿಗೆ ಟಿವಿ ಹಚ್ಚಿದೆ.

ಹೀಗೆ ನಾನು ‘ದಿ ಗೋಲ್ಡನ್ ಗರ್ಲ್ಸ್’ ಧಾರಾವಾಹಿಯ ಮೊದಲ ಸೀಸನ್ನಿನ 25 ಕಂತುಗಳನ್ನು ದನಿ ಪೂರ್ತಿ ಅಡಗಿಸಿ, ಕೆಳಗೆ ಮೂಡುವ ಅಕ್ಷರಗಳನ್ನು ಓದುತ್ತ ನೋಡಿ ಮುಗಿಸಿದೆ. ಇದನ್ನು ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಚಿತ್ರೀಕರಿಸಿದ್ದಾರೆ. ಅವರು ನಕ್ಕಾಗಲೆಲ್ಲ ಪರದೆಯ ಮೇಲೆ ಕಂಸದೊಳಗೆ ‘ನಗು’ ಎಂದು ಬರುತ್ತದೆ. ಮೂವತ್ತು ವರ್ಷ ಮೇಷ್ಟರಗಿತ್ತಿಯಾಗಿದ್ದವಳಿಗೂ ನಗುವನ್ನು ಓದಿ ತಿಳಿಯುವ ಪ್ರಸಂಗ ಬಂದದ್ದು ಇದೇ ಮೊದಲು. ನಾನೂ ಅಕ್ಷರದಷ್ಟೇ ಮೌನವಾಗಿ ನಗಬೇಕು. ಹೊಟ್ಟೆ ಕುಲುಕಿದರೆ ಹೆಗಲ ಮೇಲಿನವಳು ಎದ್ದುಬಿಡುತ್ತಾಳೆ.

ಕತೆ ಇಷ್ಟೇ. ಫ್ಲಾರಿಡಾದ ಮಯಾಮಿಯಲ್ಲಿ ಒಂದು ಮನೆ. ಮನೆಯೊಡತಿ ಬ್ಲಾಂಚ್, ದಕ್ಷಿಣದ ಸೀಮೆಯ ಶ್ರೀಮಂತ ಮನೆತನದ ವಿಧವೆ. ತನ್ನ ವಯಸ್ಸನ್ನು ಯಾರಿಗೂ ಹೇಳಿದವಳಲ್ಲ. ಬಾಡಿಗೆಗೆ ಬಂದವರು ಇಬ್ಬರು. ಮಿನ್ನೆಸೋಟಾದ ಸೇಂಟ್ ಓಲಾಫ್ ಎಂಬ ಹಳ್ಳಿಯ ಮುಗ್ಧೆ ರೋಸ್, ಅವಳೂ ವಿಧವೆ. ಮತ್ತೊಬ್ಬಳು ಬ್ರೂಕ್ಲಿನ್ನಿನ ಡೊರತಿ. 38 ವರ್ಷ ಸಂಸಾರ ಮಾಡಿದ ಗಂಡ ಗಗನಸಖಿಯೊಬ್ಬಳ ಹಿಂದೆ ಹೋದ ಮೇಲೆ ಒಬ್ಬಂಟಿಯಾದವಳು, ಬದಲಿ ಶಿಕ್ಷಕಿ. ಮೊದಲ ಕಂತಿನಲ್ಲಿಯೇ ಡೊರತಿಯ ತಾಯಿ ಸೋಫಿಯಾ ಬಾಗಿಲು ತಟ್ಟುತ್ತಾಳೆ. ಅವಳಿದ್ದ ಶೇಡಿ ಪೈನ್ಸ್ ಎಂಬ ವೃದ್ಧಾಶ್ರಮ ಸುಟ್ಟುಹೋಗಿರುತ್ತದೆ. ಹಿಂದೊಮ್ಮೆ ಪಾರ್ಶ್ವವಾಯು ಬಡಿದು, ಮಾತನ್ನು ನಾಲಿಗೆಯ ತುದಿಯಲ್ಲಿ ತಡೆದು ನಿಲ್ಲಿಸುವ ಮಿದುಳಿನ ಭಾಗ ಕೆಟ್ಟಿದೆಯಂತೆ. ಆದ್ದರಿಂದ ಅನಿಸಿದ್ದನ್ನೆಲ್ಲ ಆಡಿಬಿಡುತ್ತಾಳೆ. ನಮ್ಮ ಕಡೆ ಇದಕ್ಕೆ ಪಾರ್ಶ್ವವಾಯು ಬೇಕಾಗಿಲ್ಲ, ಎಪ್ಪತ್ತು ತುಂಬಿದರೆ ಸಾಕು.

ಇಂಥದ್ದೊಂದು ಧಾರಾವಾಹಿ ಹುಟ್ಟಿದ್ದೇ ತಮಾಷೆಯಿಂದ. 1984ರಲ್ಲಿ ಎನ್‌ಬಿಸಿ ವಾಹಿನಿ ತನ್ನ ಹೊಸ ಕಾರ್ಯಕ್ರಮಗಳನ್ನು ಪರಿಚಯಿಸುವ ಸಮಾರಂಭದಲ್ಲಿ ಇಬ್ಬರು ಹಿರಿಯ ನಟಿಯರು ವೇದಿಕೆಗೆ ಬಂದು ‘ಮಯಾಮಿ ವೈಸ್’ ಎಂಬ ಪೊಲೀಸ್ ಕತೆಯ ಬಗ್ಗೆ ಮಾತನಾಡಬೇಕಿತ್ತು. ವೈಸ್ ಎಂದರೆ ದುಶ್ಚಟ. ಅದನ್ನು ಅವರು ‘ಮಯಾಮಿ ನೈಸ್’ ಎಂದು ಕೇಳಿಸಿಕೊಂಡವರಂತೆ ನಟಿಸಿ, ಅದು ಮಯಾಮಿಯಲ್ಲಿರುವ ವಯಸ್ಸಾದವರ ಕತೆ ಎಂಬಂತೆ ಹರಟಿದರು. ಸಭೆ ನಕ್ಕಿತು. ಅಂಥದೇ ಒಂದು ಕತೆ ಮಾಡಿದರೆ ಹೇಗೆ ಎಂದು ವಾಹಿನಿಯವರಿಗೆ ಹೊಳೆಯಿತು. ಸೂಸನ್ ಹ್ಯಾರಿಸ್ ಬರೆದರು. 1985ರ ಸೆಪ್ಟೆಂಬರ್ 14ರ ಶನಿವಾರ ಪ್ರಸಾರ ಶುರುವಾಯಿತು. ಏಳು ಸೀಸನ್, 180 ಕಂತು ನಡೆಯಿತು. ಮೊದಲ ವರ್ಷಕ್ಕೇ ಅತ್ಯುತ್ತಮ ಹಾಸ್ಯ ಸರಣಿಯ ಎಮ್ಮಿ ಪ್ರಶಸ್ತಿ ಬಂದಿತು. ಕಿವಿ ಮಂದವಾದ ಹೆಂಗಸರ ತಮಾಷೆಗೆ ಇಷ್ಟು ದೊಡ್ಡ ಫಲ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಆ ಅಡುಗೆಮನೆಯ ಮೇಜು. ಯಾರಿಗಾದರೂ ನಿದ್ದೆ ಬಾರದಿದ್ದರೆ ಎದ್ದು ಅಲ್ಲಿಗೆ ಬರುತ್ತಾರೆ. ಒಬ್ಬಳ ಹಿಂದೆ ಇನ್ನೊಬ್ಬಳು. ಫ್ರಿಜ್ಜಿನಿಂದ ಚೀಸ್‌ಕೇಕ್ ಹೊರಗೆ ಬರುತ್ತದೆ. ಮೇಜಿನ ಸುತ್ತ ಸಾಮಾನ್ಯವಾಗಿ ಮೂರೇ ಕುರ್ಚಿ. ನಾಲ್ಕನೆಯದನ್ನು ಹಾಕಿದರೆ ಒಬ್ಬಳು ಕ್ಯಾಮೆರಾಗೆ ಬೆನ್ನು ಹಾಕಿ ಕೂರಬೇಕಾಗುತ್ತದೆ. ಹಾಗಾಗಿ ನಾಲ್ವರೂ ಬಂದಾಗ ಒಬ್ಬಳು ನಿಂತೇ ಇರುತ್ತಾಳೆ. ಇದು ನನಗೆ ವಿಚಿತ್ರವಾಗಿ ಕಾಣಲೇ ಇಲ್ಲ. ನಮ್ಮ ಮನೆಗಳಲ್ಲಿ ಆರು ಕುರ್ಚಿ ಇದ್ದರೂ ಒಬ್ಬಳು ಸೌಟು ಹಿಡಿದು ನಿಂತಿರುತ್ತಾಳೆ, ಕ್ಯಾಮೆರಾದ ಗೊಡವೆಯಿಲ್ಲದೆ. ವ್ಯತ್ಯಾಸವಿರುವುದು ಇಲ್ಲಿ ನಿಂತವಳು ಬಡಿಸುತ್ತಿಲ್ಲ, ವಾದ ಮಾಡುತ್ತಿದ್ದಾಳೆ ಎಂಬುದರಲ್ಲಿ.

ಈ ಚೀಸ್‌ಕೇಕ್ ಎಂದರೇನೆಂದು ಅಳಿಯನನ್ನು ಕೇಳಿದೆ. ಅವನು ಮಾರನೆಯ ದಿನವೇ ತಂದ. ಮೊಟ್ಟೆ ಇದೆಯೇ ಎಂದು ಕೇಳಬೇಕೆಂದು ಬಾಯಿ ತೆರೆದವಳು ಅದೇ ಬಾಯಿಗೆ ಒಂದು ತುಂಡು ಹಾಕಿಕೊಂಡೆ. ತುಸು ಹುಳಿ ಬಂದ ಗಿಣ್ಣಿನ ಹಾಗಿತ್ತು. ಏಲಕ್ಕಿ ಬೇಕಿತ್ತು.

ಮೊದಲ ಕಂತಿನಲ್ಲಿ ಈ ಮನೆಗೆ ಕೊಕೊ ಎಂಬ ಅಡುಗೆಯವನಿದ್ದಾನೆ. ಎರಡನೆಯದರಲ್ಲಿ ಇಲ್ಲ. ಎಲ್ಲಿ ಹೋದನೆಂದು ಯಾರೂ ಕೇಳುವುದಿಲ್ಲ! ಆಗಾಗ ಬಂದುಹೋಗಲಿ ಎಂದು ಇಟ್ಟಿದ್ದ ಸೋಫಿಯಾ ಪಾತ್ರವನ್ನು ಜನ ಮೆಚ್ಚಿದ್ದರಿಂದ ಅವಳನ್ನು ಖಾಯಂ ಮಾಡಿ ಇವನನ್ನು ಕೈಬಿಟ್ಟರು. ಇರಲಿ, ಆದರೆ ಅಡುಗೆಯವರು ಎರಡು ದಿನ ತಪ್ಪಿಸಿಕೊಂಡರೆ ಬೀದಿಗೆಲ್ಲ ಸುದ್ದಿಯಾಗುವ ಊರಿನಿಂದ ಬಂದ ನನಗೆ ಇದನ್ನು ಅರಗಿಸಿಕೊಳ್ಳಲು ಎರಡು ರಾತ್ರಿ ಹಿಡಿಯಿತು. ಆ ಮೇಲಿನ 24 ಕಂತುಗಳಲ್ಲಿಯೂ ಪಾತ್ರೆ ತೊಳೆಯುವ ಸರದಿ ಯಾರದೆಂದು ನನಗೆ ಬಗೆಹರಿಯಲಿಲ್ಲ. ಇನ್ನು ಬ್ಲಾಂಚ್‌ಳ ಮಲಗುವ ಕೋಣೆ. ಗೋಡೆಯ ತುಂಬ ಬಾಳೆ ಎಲೆಯ ಚಿತ್ರದ ಕಾಗದ, ಹಾಸಿಗೆಯ ಮೇಲೂ ಬಾಳೆ ಎಲೆ. ಶೃಂಗಾರಕ್ಕೆಂದು ಸಜ್ಜುಗೊಳಿಸಿದ ಕೋಣೆ ಅದು. ನನಗೆ ಮಾತ್ರ ನೋಡಿದಾಗಲೆಲ್ಲ ಎಡತುದಿಯಲ್ಲಿ ಉಪ್ಪು ಬಡಿಸುವುದು ಮರೆತುಹೋಗಿದೆ ಎನಿಸುತ್ತಿತ್ತು.

ಎಲ್ಲ ಕಂತುಗಳೂ ಒಂದೇ ತೂಕದವಲ್ಲ. ಕುಳ್ಳನೆಯ ವೈದ್ಯನೊಬ್ಬ ರೋಸ್‌ಳನ್ನು ಮೆಚ್ಚುವ ಕಂತಿನಲ್ಲಿ ಅವನ ಎತ್ತರವನ್ನು ಕುರಿತ ಮಾತುಗಳಿಗೆ ‘ನಗು’ ಎಂದು ಮೂಡಿದಾಗ ನಾನು ನಗಲಿಲ್ಲ. ಬ್ಲಾಂಚ್‌ಳ ಗಂಡಸರ ಲೆಕ್ಕ ಇಟ್ಟು ಅಣಕಿಸುವುದೂ ಹತ್ತನೆಯ ಸಲಕ್ಕೆ ಸವೆಯುತ್ತದೆ. ಸೋಫಿಯಾಗೆ ಎದೆನೋವು ಬರುವ ಕಂತು ಬೇರೆ ಜಾತಿಯದು. ಹೊರಗೆ ಬಿರುಗಾಳಿ, ವೈದ್ಯ ಬರುವುದು ತಡ. ನಾಲ್ವರೂ ಒಂದೇ ಕೋಣೆಯಲ್ಲಿ ಕುಳಿತು ಸಾವಿನ ಬಗ್ಗೆ ಮಾತನಾಡುತ್ತಾರೆ. ಕಡೆಗೆ ಅದು ಹೃದಯದ್ದಲ್ಲ, ಪಿತ್ತಕೋಶದ ನೋವು, ಅತಿಯಾಗಿ ಉಂಡ ಫಲ. ಉಂಡು ಸಾಯುವ ಹೆದರಿಕೆಯನ್ನು ಇಷ್ಟು ಮರ್ಯಾದೆಯಿಂದ ಬರೆದವರಿಗೆ ಮನೆಯಲ್ಲಿ ಅಜ್ಜಿ ಇದ್ದಿರಲೇಬೇಕು.

ಸೋಫಿಯಾಳ ವಿಷಯಕ್ಕೆ ಬಂದರೆ, ಆ ಪಾತ್ರದ ಎಸ್ಟೆಲ್ ಗೆಟ್ಟಿ ಹುಟ್ಟಿದ್ದು 1923ರಲ್ಲಿ. ಅವಳ ಮಗಳು ಡೊರತಿಯಾದ ಬಿಯಾ ಆರ್ಥರ್ ಹುಟ್ಟಿದ್ದು 1922ರಲ್ಲಿ. ಮಗಳಿಗಿಂತ ತಾಯಿ ಒಂದು ವರ್ಷ ಚಿಕ್ಕವಳು! ಬಿಳಿ ವಿಗ್ಗು, ಬಣ್ಣ, ದಪ್ಪ ಕನ್ನಡಕ ಹಾಕಿ, ಬೆನ್ನು ಬಾಗಿಸಿ ಎಂಬತ್ತರವಳಾದರು. ರೋಸ್ ಆದ ಬೆಟ್ಟಿ ವೈಟ್ ಮೊದಲು ಬ್ಲಾಂಚ್ ಆಗಬೇಕಿತ್ತು, ಬ್ಲಾಂಚ್ ಆದ ರೂ ಮೆಕ್ಲಾನಹನ್ ರೋಸ್ ಆಗಬೇಕಿತ್ತು. ಇಬ್ಬರೂ ಹಿಂದಿನ ಧಾರಾವಾಹಿಗಳಲ್ಲಿ ಮಾಡಿದ್ದನ್ನೇ ಮತ್ತೆ ಮಾಡುವಂತಾಗುತ್ತದೆಂದು ಮೊದಲ ಕಂತಿನ ನಿರ್ದೇಶಕ ಜೇ ಸ್ಯಾಂಡ್ರಿಚ್ ಅದಲುಬದಲು ಮಾಡಿಸಿದರು. ಮೊದಲ ಸೀಸನ್ನಿಗೆ ಉತ್ತಮ ನಟಿಯ ಎಮ್ಮಿ ಹೋದದ್ದು ಹಾಗೆ ಬದಲಾಗಿ ಬಂದ ಬೆಟ್ಟಿ ವೈಟ್‌ಗೆ.

ಸೋಫಿಯಾ ಮನೆಯೊಳಗೆ ಓಡಾಡುವಾಗಲೂ ಕೈಚೀಲವನ್ನು ಬಿಡುವುದಿಲ್ಲ. ಪ್ರೇಕ್ಷಕರಿಗೆ ಅದು ನಗು, ನನಗೆ ಅಲ್ಲ. ಮಕ್ಕಳ ಮನೆಗೆ ಬಂದ ನಮ್ಮ ವಯಸ್ಸಿನವರನ್ನು ನೋಡಬೇಕು. ಪಾಸ್‌ಪೋರ್ಟ್, ರಕ್ತದೊತ್ತಡದ ಮಾತ್ರೆ, ಬೆಂಗಳೂರಿನ ಮನೆಯ ಬೀಗದ ಕೈ, ನಾಲ್ಕು ಲವಂಗ, ಇವಿಷ್ಟಿರುವ ಒಂದು ಚೀಲ ಹಾಸಿಗೆಯ ತಲೆದೆಸೆಯಲ್ಲಿಯೇ ಇರುತ್ತದೆ. ಮನೆ ಎಷ್ಟೇ ದೊಡ್ಡದಿರಲಿ, ನಮ್ಮದೆನ್ನುವ ಜಾಗ ಆ ಚೀಲದಷ್ಟೇ.

ಮೊದಲ ವಾರ ಕಿವಿಗೆ, ಅಲ್ಲ, ಕಣ್ಣಿಗೆ ಕಿರಿಕಿರಿಯಾದದ್ದು ಒಂದಿದೆ. ಬ್ಲಾಂಚ್ ಮತ್ತು ರೋಸ್ ಆ ಎಂಬತ್ತರ ಮುದುಕಿಯನ್ನು ‘ಸೋಫಿಯಾ’ ಎಂದೇ ಕರೆಯುತ್ತಾರೆ. ಮುಂದೊಂದು ‘ಅಮ್ಮ’ ಇಲ್ಲ, ‘ಅಜ್ಜಿ’ ಇಲ್ಲ. ನಾನು ಓದುವಾಗ ಮನಸ್ಸಿನಲ್ಲಿಯೇ ‘ಸೋಫಿಯಾ ಅವರೇ’ ಎಂದು ತಿದ್ದಿಕೊಳ್ಳುತ್ತಿದ್ದೆ, ಹಳೆಯ ಕೆಂಪು ಶಾಯಿಯ ಚಟ. ಎಂಟನೆಯ ಕಂತಿನ ಹೊತ್ತಿಗೆ ತಿದ್ದುವುದನ್ನು ಬಿಟ್ಟೆ. ಆಮೇಲೆ ಲೆಕ್ಕ ಹಾಕತೊಡಗಿದೆ. ನನ್ನನ್ನು ಹೆಸರು ಹಿಡಿದು ಕರೆಯುವವರು ಈಗ ಯಾರಿದ್ದಾರೆ? ತಾಯಿ ಇಲ್ಲ. ಅಕ್ಕ ಹೋಗಿ ನಾಲ್ಕು ವರ್ಷವಾಯಿತು. ಯಜಮಾನರು ಇದ್ದಾಗಲೂ ‘ಇವಳೇ’ ಎನ್ನುತ್ತಿದ್ದರು. ಶಾಲೆಯಲ್ಲಿ ಮಿಸ್, ಬೀದಿಯಲ್ಲಿ ಆಂಟಿ, ಮನೆಯಲ್ಲಿ ಅಮ್ಮ, ಅತ್ತೆ, ದೊಡ್ಡಮ್ಮ, ಈಗ ಅಜ್ಜಿ. ಕಳೆದ ಆರು ತಿಂಗಳಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ ಉಚ್ಚರಿಸಿದವರು ಒಬ್ಬರೇ, ವಿಮಾನ ನಿಲ್ದಾಣದ ವಲಸೆ ಅಧಿಕಾರಿ. ಅದನ್ನೂ ಅವರು ತಪ್ಪಾಗಿ ಹೇಳಿದರು.

ಸಂಜೆ ಐದಕ್ಕೆ ಇಲ್ಲಿನ ಪಾರ್ಕಿನಲ್ಲಿ ನಾವು ನಾಲ್ವರು ಸೇರುತ್ತೇವೆ. ನಾಲ್ವರೂ ಮಕ್ಕಳ ಮನೆಗೆ ಬಂದವರು, ಆರು ತಿಂಗಳ ವೀಸಾದವರು, ಬೂಟಿನ ಮೇಲೆ ಸೀರೆ ಉಟ್ಟವರು. ಒಬ್ಬರು ಮೈಸೂರಿನವರು. ಒಬ್ಬರು ಧಾರವಾಡದವರು, ಅವರದು ಅವಳಿ ಮೊಮ್ಮಕ್ಕಳು. ಇನ್ನೊಬ್ಬರು ಉಡುಪಿಯ ಕೊಂಕಣಿ ಮನೆಯವರು. ನಾನು ಈ ಮಯಾಮಿ ಮನೆಯ ಕತೆ ಹೇಳಿದಾಗ ಧಾರವಾಡದವರು ತಟ್ಟನೆ, “ನಾವೂ ನಾಲ್ವರೂ ಕೂಡಿ ಒಂದು ಮನೆ ಮಾಡಿದರೆ ಹೇಗೆ?” ಎಂದರು. ಬೆಂಚಿನ ಮೇಲೆಯೇ ಮನೆ ಎದ್ದಿತು. ಊರು ಯಾವುದೆಂಬುದಕ್ಕೆ ಜಗಳವಾಗಲಿಲ್ಲ, ಮೈಸೂರು ಎಂದಾಯಿತು. ಕೆಳಗಿನ ಕೋಣೆ ಮಂಡಿನೋವಿನವರಿಗೆ ಎಂದಾಗ ನಾಲ್ವರೂ ಕೈ ಎತ್ತಿದೆವು. ಬೆಳ್ಳುಳ್ಳಿ ಯಾವ ಒಲೆಯಲ್ಲಿ, ಜೋಳದ ರೊಟ್ಟಿ ವಾರಕ್ಕೆ ಎಷ್ಟು ದಿನ, ತೆಂಗಿನೆಣ್ಣೆಯ ಒಗ್ಗರಣೆಯ ವಾಸನೆ ದೇವರ ಕೋಣೆಗೆ ಹೋದರೆ ಏನು ಎಂಬಲ್ಲಿಗೆ ಬರುವಾಗ ಕತ್ತಲಾಗಿತ್ತು. ಸಾರಿಗೆ ಬೆಲ್ಲ ಹಾಕುವ ವಿಷಯದಲ್ಲಿ ಮನೆ ಮುರಿದುಬಿದ್ದಿತು. ಮೈಸೂರಿನವರು ಅಂದು ನಮಗಾಗಿ ಕಾಯದೆ ಮುಂದೆ ನಡೆದು ಹೋದರು.

ಅದೇ ರಾತ್ರಿ ನನಗೆ ಸಿಕ್ಕಿದ್ದು ಸೀಸನ್ನಿನ ಕಡೆಯ ಕಂತು. ಇವರೆಲ್ಲ ಹೇಗೆ ಜತೆಗೂಡಿದರು ಎಂಬುದನ್ನು ಅಲ್ಲಿ ಹೇಳುತ್ತಾರೆ. ಹೆದರಿಕೆಯ ಸಿನಿಮಾ ನೋಡಿ ನಿದ್ದೆ ಬಾರದೆ ಅದೇ ಮೇಜಿಗೆ ಬಂದು ಕೂರುತ್ತಾರೆ, ಹಳೆಯದನ್ನು ನೆನೆಯುತ್ತಾರೆ. ಬಾಡಿಗೆದಾರರು ಬೇಕೆಂದು ಬ್ಲಾಂಚ್ ಅಂಗಡಿಯ ಫಲಕದಲ್ಲಿ ಚೀಟಿ ಅಂಟಿಸಿದ್ದಳಂತೆ. ಜತೆಗೆ ಇರತೊಡಗಿದ ಹೊಸದರಲ್ಲಿ ದಿನಸಿ ಕೊಳ್ಳಲು ಹೋದವರು ಅಂಗಡಿಯಲ್ಲಿಯೇ ಜಗಳವಾಡಿಕೊಳ್ಳುತ್ತಾರೆ. ಬೇರೆಯಾಗುವುದೇ ಸರಿ ಎನ್ನುವ ಹಂತ. ಆಗ ರೋಸ್ ತನ್ನ ಹಳ್ಳಿಯ ಹೆರಿಂಗ್ ಮೀನಿನ ಮಹಾಯುದ್ಧದ ಕತೆ ತೆಗೆಯುತ್ತಾಳೆ. (ಹೆರಿಂಗ್ ನಮ್ಮ ಕರಾವಳಿಯ ಬೂತಾಯಿಗೆ ನೆಂಟನಂತೆ; ಉಡುಪಿಯವರಿಂದ ತಿಳಿದದ್ದು.) ಮೀನನ್ನು ಉಪ್ಪಿನಕಾಯಿ ಹಾಕಬೇಕೆನ್ನುವ ಒಂದು ಮನೆತನ, ಸರ್ಕಸ್ಸಿಗೆ ಪಳಗಿಸಬೇಕೆನ್ನುವ ಇನ್ನೊಂದು. ಒಂದು ಮೀನನ್ನು ಫಿರಂಗಿಯಲ್ಲಿಟ್ಟು ಹಾರಿಸಿದರು, ಅದು ಮರಕ್ಕೆ ಹೋಗಿ ಬಿತ್ತು, ಆಮೇಲೆ ಬೇರೆ ಯಾವ ಮೀನೂ ಒಪ್ಪಲಿಲ್ಲ ಎಂದು ರೋಸ್ ಗಂಭೀರವಾಗಿ ಹೇಳುತ್ತಾಳೆ. ಕೇಳುವ ಇಬ್ಬರಿಗೂ ನಗು ತಡೆಯಲಾಗುವುದಿಲ್ಲ. ಅದು ಪಾತ್ರಗಳ ನಗುವೋ ನಟಿಯರದೋ ಹೇಳುವುದು ಕಷ್ಟ. ನನಗೂ ತಡೆಯಲಾಗಲಿಲ್ಲ. ಮೊಮ್ಮಗಳು ಎದ್ದಳು, ಮಗಳು ಎದ್ದಳು, ಅಳಿಯನೂ ಎದ್ದು ಬಂದು “ಏನಾಯಿತು ಅತ್ತೆ?” ಎಂದ. ಮೀನು ಮರಕ್ಕೆ ಬಿತ್ತು ಎಂದೆ. ಇಬ್ಬರೂ ಮುಖ ನೋಡಿಕೊಂಡರು.

ಮಾರನೆಯ ಸಂಜೆ ಮೈಸೂರಿನವರು ಬಂದರು. ಬೆಲ್ಲದ ಮಾತು ಯಾರೂ ಎತ್ತಲಿಲ್ಲ. ಎರಡು ತಿಂಗಳಿಂದ ದಿನವೂ ಕಾಣುವ ಇವರ ಹೆಸರೇನೆಂದು ನನಗೆ ಗೊತ್ತಿಲ್ಲವೆಂಬುದು ಆಗ ಹೊಳೆಯಿತು. ನನ್ನ ಮೊಬೈಲ್‌ನಲ್ಲಿ ಅವರು ‘ಪಾರ್ಕ್ ಮೈಸೂರು’, ‘ಅವಳಿ ಅಜ್ಜಿ’, ‘ಉಡುಪಿ’. ಅವರ ಮೊಬೈಲ್‌ಗಳಲ್ಲಿ ನಾನು ‘ಟೀಚರ್ ಆಂಟಿ’. ಅವರಲ್ಲಿ ಇಬ್ಬರು ನನಗಿಂತ ಹಿರಿಯರು. ಹೆಸರು ಕೇಳಿದೆ. ಇಬ್ಬರು ಹೇಳಿದರು. ಉಡುಪಿಯವರು ತಡೆದು, “ಯಾವುದು ಬೇಕು?” ಎಂದರು. ಅವರ ಕಡೆ ಮದುವೆಯಲ್ಲಿ ಹೆಣ್ಣಿಗೆ ಹೊಸ ಹೆಸರಿಡುವ ರೂಢಿಯಿತ್ತು. ಅತ್ತೆಯ ಮನೆಯವರು ಕೊಟ್ಟದ್ದು ಪಾಸ್‌ಪೋರ್ಟಿನಲ್ಲಿದೆ. ತವರಿನದು ಬೇರೆ, ಅದನ್ನು ಕೇಳಿ 41 ವರ್ಷವಾಗಿದೆ.

ಆ ತವರಿನ ಹೆಸರನ್ನು ಅವರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಸದ್ಯಕ್ಕೆ ಪಾರ್ಕಿನೊಳಗೆ ಮಾತ್ರ ಚಲಾವಣೆಯಲ್ಲಿದೆ. ಮರುದಿನ ಅವರು ನಮಗಿಂತ ಮುಂದೆ ಬಾತುಕೋಳಿಯ ಕೊಳದ ಕಡೆ ನಡೆಯುತ್ತಿದ್ದರು. ನಾನು ಹಿಂದಿನಿಂದ ಹೆಸರು ಹಿಡಿದು ಕೂಗಿದೆ. ನಾಲಿಗೆ ತಾನಾಗಿ ‘ಅವರೇ’ ಸೇರಿಸಲು ಹೋಯಿತು, ಬಿಡಲಿಲ್ಲ. ಅವರು ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ. ಆಗಲೂ ಇಲ್ಲ. ಮೂರನೆಯ ಸಲಕ್ಕೆ ನಿಂತರು. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಮೊದಲು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕೈಚೀಲವನ್ನು ಹೆಗಲಿಗೆ ಏರಿಸಿಕೊಂಡು ನಮ್ಮ ಕಡೆ ತಿರುಗಿದರು.