ಕಿಟಕಿ ಇಲ್ಲದ ಕಿಟಕಿ ಸೀಟು

ತಪ್ಪು ಪೂರ್ತಿ ನನ್ನ ಹೆಬ್ಬೆರಳಿನದು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮನೆಯಲ್ಲಿ ಇದರ ವಿಚಾರಣೆ ಮುಗಿದು ತೀರ್ಪೂ ಬಂದಾಗಿದೆ.

ಮೂರು ತಿಂಗಳು ಮುಂಚೆಯೇ ಟಿಕೆಟ್ ಮಾಡಿಸಿದ್ದೆ. ಬೆಳಿಗ್ಗೆ 10:40ರ ವಿಮಾನ. ಅಲಾರಂ ಇಡದೆ ಎದ್ದು, ಸ್ನಾನ ಮಾಡಿ, ಪೇಪರ್ ಓದಿ, ಮನುಷ್ಯರ ಹಾಗೆ ಹೊರಡಬಹುದಾದ ಹೊತ್ತು. ಅದರ ಮೇಲೆ ಒಂದಿಷ್ಟು ದುಡ್ಡು ಜಾಸ್ತಿ ಕೊಟ್ಟು 7ಎ ಅಂತ ಕಿಟಕಿ ಸೀಟು ಬೇರೆ ಹಿಡಿದಿದ್ದೆ. ತಲೆ ಅರ್ಧ ಬೆಳ್ಳಗಾದರೂ ವಿಮಾನದ ಕಿಟಕಿಗೆ ಮೂಗು ಒತ್ತಿ ಕೂರುವ ಚಟ ನನಗಿನ್ನೂ ಹೋಗಿಲ್ಲ. ಮೋಡ ನೋಡಿ ನೋಡಿ ಏನು ಸಿಗುತ್ತೆ ಅಂತ ಹೆಂಡತಿ ಕೇಳುತ್ತಾಳೆ. ಏನೂ ಸಿಗಲ್ಲ, ಆದರೂ ನೋಡಬೇಕು.

ಹೊರಡಲು ಇಪ್ಪತ್ತು ದಿನ ಇರುವಾಗ, ರಾತ್ರಿ ಹನ್ನೊಂದೂವರೆಗೆ, ಅರೆನಿದ್ದೆಯಲ್ಲಿ ಇದ್ದೆ. ಫೋನ್ ಮಿಣುಕ್ ಅಂತು. 'ನಿಮ್ಮ ಪ್ರಯಾಣದಲ್ಲಿ ಒಂದು ಸಣ್ಣ ಬದಲಾವಣೆ.' ಕೆಳಗೆ ಪರದೆ ತುಂಬುವಷ್ಟು ದೊಡ್ಡ ನೀಲಿ ಗುಂಡಿ, ಅದರ ಮೇಲೆ 'ಸರಿ, ಒಪ್ಪಿದೆ'. ಅದರ ಕೆಳಗೆ, ಕನ್ನಡಕ ಹಾಕಿದರೂ ಸರಿಯಾಗಿ ಕಾಣದ ಬೂದು ಅಕ್ಷರದಲ್ಲಿ 'ಬೇರೆ ಆಯ್ಕೆಗಳು'. ನಾನು ಕನ್ನಡಕ ಹಾಕಿರಲಿಲ್ಲ. ಇಷ್ಟು ವರ್ಷ ಆ್ಯಪ್‌ಗಳ ನಿಯಮಗಳಿಗೆಲ್ಲ 'ಒಪ್ಪಿದೆ' ಒತ್ತಿ ಒತ್ತಿ ಪಳಗಿದ ಹೆಬ್ಬೆರಳು ನನ್ನನ್ನೊಂದು ಮಾತೂ ಕೇಳದೆ ನೀಲಿ ಗುಂಡಿ ಒತ್ತಿತು. ನಾನು ಮಗ್ಗುಲು ಬದಲಿಸಿ ಮಲಗಿದೆ.

ಬೆಳಿಗ್ಗೆ ಕನ್ನಡಕ ಹಾಕಿ ನೋಡಿದರೆ ಸಣ್ಣ ಬದಲಾವಣೆ ಏನಪ್ಪಾ ಅಂದರೆ, 10:40ರ ವಿಮಾನ 6:15ಕ್ಕೆ. ಅಂದರೆ ಮೂರು ಗಂಟೆಗೆ ಏಳಬೇಕು. ಅಂದರೆ ಮಲಗಲೇಬಾರದು. ನಾಲ್ಕು ಗಂಟೆ ಇಪ್ಪತ್ತೈದು ನಿಮಿಷಕ್ಕೆ 'ಸಣ್ಣ' ಅನ್ನೋದಾದರೆ ಇವರ 'ದೊಡ್ಡದು' ಹೇಗಿರುತ್ತೋ! ವಿಮಾನ ಹಾರಲ್ಲ, ನೀವೇ ನಡ್ಕೊಂಡು ಹೋಗಿ, ಅಂತ ಇರಬಹುದೇನೋ.

ನನಗೊಬ್ಬ ಭಾವಮೈದುನ ಇದ್ದಾನೆ. ಔಷಧದ ಡಬ್ಬಿಯೊಳಗೆ ಮಡಚಿಟ್ಟ ಕಾಗದವನ್ನೂ ಬಿಡಿಸಿ ಪೂರ್ತಿ ಓದುವ ಜಾತಿ. ಅವನಿಗೆ ಫೋನ್ ಮಾಡಿದ್ದು ನನ್ನ ಎರಡನೇ ತಪ್ಪು.

"ಯುರೋಪಿನಲ್ಲಾಗಿದ್ದರೆ ಭಾವ," ಅಂತ ಶುರು ಮಾಡಿದ. ಅವನ ಎಲ್ಲ ಮಾತೂ ಹೀಗೇ ಬೇರೆ ದೇಶದಿಂದ ಹೊರಟು ಬರುತ್ತೆ. ಯುರೋಪಿನಲ್ಲಿ 2004ರಲ್ಲಿ ಮಾಡಿದ 261 ನಂಬರಿನ ಕಾನೂನು ಇದೆಯಂತೆ. ವಿಮಾನವನ್ನು ಒಂದು ಗಂಟೆಗಿಂತ ಜಾಸ್ತಿ ಮುಂಚೆ ಹಾರಿಸಿದರೆ ಅದು ರದ್ದು ಮಾಡಿದ್ದಕ್ಕೆ ಸಮ ಅಂತ 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಕೋರ್ಟು ಹೇಳಿದೆ. ದುಡ್ಡು ವಾಪಸ್ ಇಲ್ಲವೇ ಬೇರೆ ವಿಮಾನ, ಯಾವುದು ಬೇಕೋ ನಾವೇ ಆರಿಸಬಹುದು. ಹದಿನಾಲ್ಕು ದಿನಕ್ಕಿಂತ ಕಡಿಮೆ ಇರುವಾಗ ಹೇಳಿದರೆ ಅದರ ಮೇಲೆ ಪರಿಹಾರವನ್ನೂ ಕೇಳಬಹುದು, ದೂರ ನೋಡಿಕೊಂಡು 250ರಿಂದ 600 ಯೂರೋವರೆಗೆ. ಅಮೆರಿಕದಲ್ಲಿ 2024ರಲ್ಲಿ ನಿಯಮ ಬಂತು. ದೇಶದೊಳಗೆ ಮೂರು ಗಂಟೆ, ಹೊರದೇಶಕ್ಕೆ ಆರು ಗಂಟೆ, ಹಿಂದೆ ಮುಂದೆ ಅಷ್ಟು ಬದಲಾದರೆ, ಬೇಡ ಅಂದವರಿಗೆ ದುಡ್ಡು ವಾಪಸ್.

"ಬೇಡ ಅಂದವರಿಗೆ," ಅಂತ ಒತ್ತಿ ಹೇಳಿದ. "ನೀವು ಬೇಡ ಅಂದ್ರಾ?"

ನಾನು ಹೆಬ್ಬೆರಳನ್ನು ನೋಡಿದೆ.

ಗುಟ್ಟೆಲ್ಲ ಇರುವುದು ಅಲ್ಲೇ. ಟಿಕೆಟಿನ ಷರತ್ತುಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ, ಇಲ್ಲಿ ಬರೆದ ಸಮಯಕ್ಕೆ ಗ್ಯಾರಂಟಿ ಇಲ್ಲ, ವಿಮಾನ ಬದಲಾಗಬಹುದು ಅಂತ. ಟಿಕೆಟನ್ನು ಹತ್ತಿರ ಹತ್ತಿರ ಒಂದು ವರ್ಷ ಮುಂಚೆಯೇ ಮಾರುತ್ತಾರೆ. ಆದರೆ ಲೋಕದ ವಿಮಾನ ವೇಳಾಪಟ್ಟಿ ಮಗುಚುವುದು ವರ್ಷಕ್ಕೆ ಎರಡು ಸಲ, ಮಾರ್ಚ್ ಕೊನೆಯ ಭಾನುವಾರ ಒಮ್ಮೆ, ಅಕ್ಟೋಬರ್ ಕೊನೆಯ ಭಾನುವಾರ ಒಮ್ಮೆ. ಹಾಗಾಗಿ ಅಷ್ಟು ಮುಂಚೆ ಹೇಳುವ ಟೈಮು, ದರ್ಜಿ 'ನಾಳೆ ಕೊಡ್ತೀನಿ' ಅಂದ ಹಾಗೆ. ಬದಲಾಯಿಸುವುದು ಅವರ ಹಕ್ಕು, ಬೇಡ ಅನ್ನುವುದು ನಮ್ಮದು. ಅವರ ಹಕ್ಕನ್ನು ಮೂರು ಪುಟ ಬರೆದಿರುತ್ತಾರೆ, ನಮ್ಮದನ್ನು ಬೂದು ಅಕ್ಷರದಲ್ಲಿ ಇಟ್ಟಿರುತ್ತಾರೆ.

ಸರಿ, ಕಾಲ್ ಸೆಂಟರಿಗೆ ಫೋನ್ ಮಾಡಿದೆ. ಇಪ್ಪತ್ತೆಂಟು ನಿಮಿಷ ಒಂದೇ ಸಂಗೀತ. ಮಧ್ಯೆ ಮಧ್ಯೆ 'ನಿಮ್ಮ ಕರೆ ನಮಗೆ ಬಹಳ ಮುಖ್ಯ' ಅಂತ ಒಂದು ದನಿ. ಕೊನೆಗೆ ಒಬ್ಬ ಹುಡುಗ ಸಿಕ್ಕ, ಪಾಪ ತುಂಬಾ ಒಳ್ಳೆಯವನು.

"ಸರ್, ನೀವು ಬದಲಾವಣೆ ಒಪ್ಪಿಕೊಂಡಿದ್ದೀರಿ."

"ನಿದ್ದೆಯಲ್ಲಿ ಒಪ್ಪಿದ್ದಪ್ಪಾ."

"ಸಿಸ್ಟಮ್‌ನಲ್ಲಿ ನಿದ್ದೆ ಅಂತ ಕಾಣ್ತಾ ಇಲ್ಲ ಸರ್."

ಟೈಮು ಯಾಕೆ ಬದಲಾಯಿತು ಅಂತ ಕೇಳಿದ್ದಕ್ಕೆ 'ಆಪರೇಷನಲ್ ರೀಸನ್ಸ್' ಅಂದ. ಈ ಎರಡು ಪದಗಳ ಹೊಟ್ಟೆಯಲ್ಲಿ ಏನು ಬೇಕಾದರೂ ಇರಬಹುದು. ಪೈಲಟ್‌ನ ಡ್ಯೂಟಿ ಅವಧಿ ಮುಗಿದಿರಬಹುದು, ವಿಮಾನ ರಿಪೇರಿಗೆ ಹೋಗಿರಬಹುದು, ಇಳಿಯಲು ಸ್ಲಾಟ್ ಸಿಕ್ಕಿರಲಿಕ್ಕಿಲ್ಲ, ಅಥವಾ ಸುಮ್ನೆ ಸೀಟು ತುಂಬಿರಲಿಕ್ಕಿಲ್ಲ. ನಮ್ಮ ಕಡೆ 'ಮನೆಯಲ್ಲಿ ಸ್ವಲ್ಪ ತೊಂದರೆ' ಅಂತ ರಜಾ ಅರ್ಜಿ ಬರೀತಿದ್ದೆವಲ್ಲ, ಅದರ ಇಂಗ್ಲಿಷ್ ಅಣ್ಣ ಇದು.

ನಾನು ಸೋತು ಮೂರು ಗಂಟೆಗೆ ಏಳುವ ತಯಾರಿಯಲ್ಲಿದ್ದೆ. ಆಗ ದೇವರು ಕಣ್ಣು ಬಿಟ್ಟ. ಒಂದು ವಾರ ಬಿಟ್ಟು ಇನ್ನೊಂದು ಮೆಸೇಜು. ಮತ್ತೊಂದು ಸಣ್ಣ ಬದಲಾವಣೆ, 6:15 ಹೋಗಿ 5:50. ನೀಲಿ ಗುಂಡಿ ಮತ್ತೆ ಹಾಜರ್. ಈ ಸಲ ಹೆಂಡತಿ ಫೋನನ್ನೇ ಕಿತ್ತುಕೊಂಡಳು. "ಏನೂ ಮುಟ್ಟಬೇಡಿ," ಅಂದಳು, ಕಳ್ಳತನ ಆದ ಮನೆಯಲ್ಲಿ ಪೊಲೀಸರು ಹೇಳುವ ಹಾಗೆ. ಭಾವಮೈದುನ ಆ ಕಡೆಯಿಂದ ಕುಣಿದ. "ಹೊಸ ಬದಲಾವಣೆ ಅಂದ್ರೆ ಹೊಸ ಪ್ರಶ್ನೆ ಭಾವ! ಹಳೇ ಒಪ್ಪಿಗೆ ಹಳೇದಕ್ಕೆ!"

ಅದನ್ನೇ ಬಾಯಿಪಾಠ ಮಾಡಿ ಫೋನ್ ಮಾಡಿದೆ. ಈ ಸಲ ಸಿಕ್ಕ ಹುಡುಗಿ ಎರಡು ಸಲ ಹೋಲ್ಡ್‌ನಲ್ಲಿಟ್ಟು, ಯಾರನ್ನೋ ಕೇಳಿ ಬಂದು, ಅದೇ ದಿನದ 11:20ರ ವಿಮಾನಕ್ಕೆ ಬಿಟ್ಟಿಯಾಗಿ ಹಾಕಿಕೊಟ್ಟಳು. ನಾನು ಕೋಟೆ ಗೆದ್ದವನ ಹಾಗೆ ಮೀಸೆ ಸವರಿಕೊಂಡೆ. ಮೀಸೆ ಇಲ್ಲ, ಆದರೂ. ಸೀಟಿನ ಬಗ್ಗೆಯೂ ಮರೆಯದೆ ಕೇಳಿದೆ.

"ಈ ವಿಮಾನದ ಮಾಡೆಲ್ ಬೇರೆ ಸರ್, 7ಎ ಬೇರೆಯವರಿಗೆ ಹೋಗಿದೆ. ಆದರೆ ನಿಮಗೆ ವಿಂಡೋನೇ ಕೊಟ್ಟಿದ್ದೀನಿ. 11ಎ."

ಎಷ್ಟು ಒಳ್ಳೆಯ ಹುಡುಗಿ ಅಂದುಕೊಂಡೆ.

ಆ ದಿನ ಆರಾಮಾಗಿ ಎದ್ದು, ಪೇಪರ್ ಓದಿ, ವಿಮಾನ ಹತ್ತಿ, ಇಬ್ಬರ ಮೊಣಕಾಲು ದಾಟಿ 11ಎ ತಲುಪಿ ಕೂತೆ. ಬೆಲ್ಟ್ ಹಾಕಿಕೊಂಡು ಮೂಗನ್ನು ರೆಡಿ ಮಾಡಿಕೊಂಡು ಎಡಕ್ಕೆ ತಿರುಗಿದರೆ ಗೋಡೆ. ಬೆಳ್ಳಗೆ, ನುಣ್ಣಗೆ, ಮೇಲಿಂದ ಕೆಳಗಿನವರೆಗೆ ಬರೀ ಗೋಡೆ. ಯಾರೋ ಬಾಲ್‌ಪೆನ್ನಿನಲ್ಲಿ ಗೀಚಿದ ಒಂದು ಸಣ್ಣ ಗೆರೆ ಇತ್ತು, ನೋಡಲು ಇದ್ದದ್ದು ಅದೊಂದೇ. ಮುಂದಿನ ಸಾಲಿಗೆ ಕಿಟಕಿ ಇದೆ, ಹಿಂದಿನ ಸಾಲಿಗೂ ಇದೆ. ಮುಂದೆ ಬಗ್ಗಿದರೆ ಮುಂದಿನವರ ಕಿಟಕಿಯ ಅಂಚಿನಲ್ಲಿ ಎರಡು ಬೆರಳಷ್ಟು ಆಕಾಶ ಕಾಣುತ್ತಿತ್ತು. ಅವರು ಅದನ್ನೂ ಮುಚ್ಚಿ ಮಲಗಿದರು.

ಆಮೇಲೆ ಗೊತ್ತಾಯಿತು, ಇದೇನೂ ನನ್ನೊಬ್ಬನ ಹಣೆಬರಹ ಅಲ್ಲ. ಕೆಲವು ಬೋಯಿಂಗ್ 737 ವಿಮಾನಗಳಲ್ಲಿ ಏಸಿ ಗಾಳಿಯ ಕೊಳವೆಗಳು ಹೊಟ್ಟೆಯಿಂದ ಚಾವಣಿಗೆ ಹತ್ತುವುದು ಇದೇ ಸುತ್ತಮುತ್ತಲಿನ ಸಾಲಿನ ಗೋಡೆಯೊಳಗೆ. ಕೊಳವೆ ಇರುವ ಕಡೆ ಕಿಟಕಿ ಕೊರೆಯಲು ಆಗಲ್ಲ. ವಿಮಾನಕ್ಕೆಲ್ಲ ತಂಪು ಗಾಳಿ ನನ್ನ ಭುಜದ ಪಕ್ಕದಿಂದ ಹೋಗುತ್ತಿತ್ತು, ನಾನು ಮಾತ್ರ ಬೆವರುತ್ತಿದ್ದೆ.

ಊರು ತಲುಪಿ ಭಾವಮೈದುನನಿಗೆ ಹೇಳಿದರೆ ಅವನಿಗೆ ನಗು, ನಗುವಿನ ಮಧ್ಯೆ ಕಾನೂನು. ಬಿಸಿನೆಸ್ ಕ್ಲಾಸಿನಿಂದ ಎಕಾನಮಿಗೆ ತಳ್ಳಿದ್ದರೆ ಹಬ್ಬ ಇತ್ತಂತೆ. ಯುರೋಪಿನಲ್ಲಿ ದೂರ ನೋಡಿಕೊಂಡು ಟಿಕೆಟ್ ದರದ ಶೇಕಡಾ 30, 50 ಅಥವಾ 75 ವಾಪಸ್. ಭಾರತದಲ್ಲೂ 2023ರಿಂದ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ಅಂಥದ್ದೇ ನಿಯಮ ತಂದಿದೆ, ದೇಶದೊಳಗಿನ ವಿಮಾನಕ್ಕೆ ತೆರಿಗೆ ಸೇರಿಸಿ ಶೇಕಡಾ 75. "ಆದರೆ ಎಕಾನಮಿಯಿಂದ ಎಕಾನಮಿಗೇ ಬಂದಿದ್ದೀರಿ ಭಾವ. ಕಿಟಕಿ ಹೋದರೆ ದರ್ಜೆ ಇಳಿಯಲ್ಲ." ನನ್ನ ದರ್ಜೆ ಇಳಿದದ್ದು ನನಗೆ ಗೊತ್ತು.

ಇನ್ನು ಉಳಿದದ್ದು ಕಿಟಕಿಗೆ ಅಂತ ಜಾಸ್ತಿ ಕೊಟ್ಟ ದುಡ್ಡು. ಅದನ್ನಾದರೂ ಕೊಡಿ ಅಂತ ಸೀಟಿನಲ್ಲಿ ಕೂತೇ ತೆಗೆದ ಗೋಡೆಯ ಫೋಟೋ ಸಮೇತ ಬರೆದೆ. ನೀವು 'ಎ' ಸೀಟು ಕೇಳಿದ್ದಿರಿ, 'ಎ' ಸೀಟೇ ಕೊಟ್ಟಿದ್ದೇವೆ ಅಂತ ಉತ್ತರ ಬಂತು. ನಗಬೇಡಿ. ಅಮೆರಿಕದಲ್ಲಿ 2025ರಲ್ಲಿ ಇದೇ ವಿಷಯಕ್ಕೆ ಎರಡು ವಿಮಾನ ಕಂಪನಿಗಳ ಮೇಲೆ ಕೇಸು ಬಿತ್ತು, ಅದರಲ್ಲೊಂದು ಕಂಪನಿ ಕೋರ್ಟಿನ ಮುಂದೆ ವಾದಿಸಿದ್ದು ಏನು ಅಂದರೆ, ವಿಂಡೋ ಸೀಟು ಅಂದರೆ ಗೋಡೆ ಪಕ್ಕದ ಜಾಗ, ಹೊರಗೆ ಕಾಣುತ್ತೆ ಅಂತ ನಾವು ಮಾತು ಕೊಟ್ಟಿಲ್ಲ ಅಂತ! ಮೂರನೇ ಮೇಲ್‌ಗೆ ನನ್ನ ದುಡ್ಡು ಬಂತು. ಫೋಟೋ ನೋಡಿ ಬಂತೋ, ಮೇಲ್‌ನ ಉದ್ದ ನೋಡಿ ಬಂತೋ ಗೊತ್ತಿಲ್ಲ. ಮೇಲ್ ಬರೆದದ್ದು ಭಾವಮೈದುನ.

ಆ ವಿಮಾನದ ಕೊನೆಯ ಹತ್ತು ನಿಮಿಷದ ಕಥೆ ಮಾತ್ರ ಅವನಿಗೆ ಹೇಳಿಲ್ಲ. ಇಳಿಯುವ ಮುಂಚೆ ಗಗನಸಖಿ ಒಂದೊಂದೇ ಸಾಲು ನೋಡಿಕೊಂಡು ಬಂದಳು. ಬೆಲ್ಟ್ ಹಾಕಿ, ಸೀಟು ನೇರ ಮಾಡಿ, ಕಿಟಕಿಯ ಶೇಡ್ ಮೇಲೆತ್ತಿ. ನಮ್ಮ ಸಾಲಿಗೆ ಬಂದವಳು ಕೈಯಲ್ಲಿದ್ದ ಕಪ್‌ಗಳನ್ನು ಜೋಡಿಸುತ್ತಾ, ನನ್ನ ಕಡೆ ನೋಡದೆಯೇ, "ಸರ್, ವಿಂಡೋ ಶೇಡ್ ಓಪನ್ ಮಾಡಿ ಪ್ಲೀಸ್," ಅಂದಳು. ನಾನು ಗೋಡೆ ನೋಡಿದೆ. ಪಕ್ಕದ ಇಬ್ಬರೂ ಗೋಡೆ ನೋಡಿದರು. ಅವಳೂ ತಲೆ ಎತ್ತಿ ಗೋಡೆ ನೋಡಿದಳು.

"ಓಕೆ ಸರ್," ಅಂತ ಹನ್ನೆರಡನೇ ಸಾಲಿಗೆ ಹೋದಳು.